ಗೂಢಚಾರರಿಗೆ ಹೇಳಿಮಾಡಿಸಿದ ಅಪಾರ್ಟ್‌ಮೆಂಟು

ಮಕ್ಕಳಿಗೆಂದು ಬರೆದ ಗೂಢಚಾರರ ಕಾದಂಬರಿಗಳನ್ನು ನಾನು ಮಗಳ ಕಣ್ಣು ತಪ್ಪಿಸಿ ಓದುತ್ತೇನೆ. ನಲವತ್ತು ದಾಟಿದವಳು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಕಸುಬಾದವಳು, ಬಾತ್‌ರೂಮಿನ ಚಿಲಕ ಹಾಕಿಕೊಂಡು, ಮಹಾಯುದ್ಧದ ಕಾಲದ ಹುಡುಗಿಯೊಬ್ಬಳು ಪಾರಿವಾಳದ ಕಾಲಿನಿಂದ ಚೀಟಿ ಬಿಚ್ಚುವುದನ್ನು ಉಸಿರು ಬಿಗಿಹಿಡಿದು ಓದುತ್ತೇನೆಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಕೊನೆಯನ್ನು ಮೊದಲೇ ಬಾಯಿಬಿಟ್ಟು ಮಜಾ ಕೆಡಿಸುತ್ತೇನೆಂದು ಸಿರಿ ನನಗೆ ಪುಸ್ತಕ ಮುಟ್ಟುವುದನ್ನೇ ನಿಷೇಧಿಸಿದ್ದಾಳೆ. ಅವಳಿಗೆ ಹನ್ನೆರಡು ವರ್ಷ.

ಈ ಪುಸ್ತಕಗಳ ಮೇಲೆ ನನ್ನದೊಂದು ತಕರಾರಿದೆ. ಇವುಗಳಲ್ಲಿ ಅಪ್ಪ ಅಮ್ಮ ಇರುವುದೇ ಇಲ್ಲ. ಮೊದಲ ಅಧ್ಯಾಯ ಮುಗಿಯುವುದರೊಳಗೆ ಅಪ್ಪ ಶತ್ರುಗಳ ಕೈಗೆ ಸೆರೆ ಸಿಕ್ಕಿರುತ್ತಾನೆ, ಅಮ್ಮ ಬಾಂಬಿಗೋ ಜ್ವರಕ್ಕೋ ಬಲಿಯಾಗಿರುತ್ತಾಳೆ. ಆಮೇಲೆ ಮಕ್ಕಳು ನಿಶ್ಚಿಂತೆಯಿಂದ ದೇಶ ಉಳಿಸುತ್ತಾರೆ. ಬರೆಯುವವರದೂ ತಪ್ಪಲ್ಲ ಬಿಡಿ. ಅಮ್ಮ ಬದುಕಿದ್ದರೆ ‘ಸ್ವೆಟರ್ ಹಾಕ್ಕೊ, ಹಾಲು ಕುಡಿದು ಹೋಗು’ ಎನ್ನುವಷ್ಟರಲ್ಲಿ ಶತ್ರುವಿನ ಹಡಗು ದಡ ಮುಟ್ಟಿರುತ್ತದೆ.

ನಮ್ಮ ಹಳೆಯ ರಾಜರೂ ಗೂಢಚಾರರನ್ನು ಸನ್ಯಾಸಿಯ, ವ್ಯಾಪಾರಿಯ ವೇಷದಲ್ಲಿ ಕಳಿಸುತ್ತಿದ್ದರಂತೆ. ಅಂಥವರು ನಮ್ಮ ದಾವಣಗೆರೆ ಕಡೆ ಹೇಗೆ ಬಚಾವಾದರೋ ಶಿವನೇ ಬಲ್ಲ. ಜಂಗಮನ ವೇಷದಲ್ಲಿ ಬಂದವನನ್ನು ಕೂರಿಸಿ, ಕಾಲಿಗೆ ನೀರು ಕೊಟ್ಟು, ‘ಅಯ್ಯನೋರೆ, ನಿಮ್ದು ಯಾವ ಮಠ? ಅದರ ಪಕ್ಕದಾಗೆ ನಮ್ ಚಿಗವ್ವನ ಮನಿ ಐತಲ್ಲ, ಗೊತ್ತೇನು?’ ಎಂದು ಕೇಳದೆ ಬಿಡುವವರು ನಮ್ಮಲ್ಲಿ ಯಾರು? ಊಟಕ್ಕೆ ಎಲೆ ಹಾಕುವುದರೊಳಗೆ ವೇಷ ಕಳಚಿ ಬೀಳುತ್ತಿತ್ತು.

ನಮ್ಮ ಸಿಂಗಸಂದ್ರದ ಅಪಾರ್ಟ್‌ಮೆಂಟಿನಲ್ಲಾದರೆ ಅವನು ಮೊಮ್ಮಕ್ಕಳನ್ನು ಕಾಣುವವರೆಗೂ ಹಾಯಾಗಿರಬಹುದು. ಒಳಗೆ ಬಿಡಲು ಗೇಟಿನ ಆ್ಯಪ್‌ಗೆ ಫ್ಲ್ಯಾಟ್ ನಂಬರೊಂದು ಸಾಕು. ಲಿಫ್ಟಿನಲ್ಲಿ ಎಲ್ಲರೂ ಫೋನ್ ನೋಡುತ್ತಾರೆ, ನಾನೂ ನೋಡುತ್ತೇನೆ. ಎದುರು ಮನೆಯವರು ಭಾನುವಾರ ಯಾವ ಹೋಟೆಲಿನಿಂದ ಏನು ತರಿಸುತ್ತಾರೆಂದು ಹೇಳಬಲ್ಲೆ. ಅವರ ಹೆಸರು ಹೇಳಲಾರೆ.

ಮನೆಯಿಂದ ಕೆಲಸ ಮಾಡಿದ್ದು ಸಾಕು, ಬನ್ನಿ ಎಂದು ಆಫೀಸಿನವರು ಕರೆದದ್ದರಿಂದ ದಾವಣಗೆರೆ ಬಿಟ್ಟು ಇಲ್ಲಿಗೆ ಬಂದೆವು. ಸಿರಿಗೆ ಒಬ್ಬಳೂ ಗೆಳತಿ ಸಿಗಲಿಲ್ಲ. ಪುಸ್ತಕ ಹಿಡಿದು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದಳು. ಓದುತ್ತಿದ್ದಾಳೆಂದುಕೊಂಡಿದ್ದೆ. ಒಂದು ಸಂಜೆ ಹೋಗಿ ನೋಡಿದರೆ ಕೆಳಗಿನ ಬೆಂಚಿನ ಮೇಲೆ ಬಿ ಬ್ಲಾಕಿನ ಹುಡುಗಿಯೊಬ್ಬಳು ಕೂತಿದ್ದಾಳೆ, ಅವಳ ಕೈಯಲ್ಲೂ ಅದೇ ಸರಣಿಯ ಪುಸ್ತಕ.

‘ಅವಳು ನನಗಿಂತ ಒಂದು ಭಾಗ ಮುಂದಿದಾಳಮ್ಮ. ಎಡಗೈಯಲ್ಲಿ ಪುಟ ತಿರುಗಿಸ್ತಾಳೆ’ ಎಂದಳು ಸಿರಿ. ಹತ್ತಿರದಿಂದ ನೋಡಲೆಂದು ಖಾಲಿ ಕಸದ ಚೀಲ ಹಿಡಿದು ಆ ಬೆಂಚಿನ ಮುಂದೆ ಎಷ್ಟೋ ಸಲ ಓಡಾಡಿದ್ದಳಂತೆ.

‘ಹೋಗಿ ಮಾತಾಡ್ಸೇ.’

‘ಮಾತಾಡ್ಸಿದ್ರೆ ಕವರ್ ಹೋಗ್ಬಿಡತ್ತೆ, ನಾನು ಸ್ಪೈ ಅಂತ ಗೊತ್ತಾಗ್ಬಿಡತ್ತೆ.’

ಹಾಗೆಂದು ಮುಖ ತಿರುಗಿಸಿಕೊಂಡಳು. ಮಗುವಿಗೆ ಬೇಕಾದದ್ದು ಗೆಳತಿ, ಆದದ್ದು ಭಯ.

ಸರಿ, ಕಾರ್ಯಾಚರಣೆಗೆ ನಾನೇ ಇಳಿದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೊಂದು ಸಂದೇಶ ಹಾಕಿದೆ. ಸಾಫ್ಟ್‌ವೇರಿನ ತಪ್ಪನ್ನು ವರದಿ ಮಾಡುವಾಗ ಒಂದು ವಿವರವನ್ನೂ ಬಿಡಬಾರದೆಂಬುದು ನಮ್ಮ ಕಸುಬಿನ ನಿಯಮ. ಅದೆಲ್ಲ ಏಕೆ ಬೇಕು ಎಂಬುದನ್ನು ಮಾತ್ರ ಅಲ್ಲಿ ಯಾರೂ ಬರೆಯುವುದಿಲ್ಲ. ಹಾಗೇ ಬರೆದೆ: ‘ಸಂಜೆ ಒಬ್ಬಳೇ ಕೆಳಗೆ ಬರುವ, ಹಳದಿ ಚಪ್ಪಲಿಯ, ಎಡಗೈ ಬಳಸುವ, ಸುಮಾರು ಹನ್ನೆರಡರ ಹುಡುಗಿ ಬಿ ಬ್ಲಾಕಿನ ಯಾವ ಫ್ಲ್ಯಾಟಿನವಳು? ತುರ್ತಾಗಿ ತಿಳಿಸಿ.’

ಆಹಾ, ಏನು ವಿವರ! ಕಾಫಿ ಕುಡಿದು ಬರುವಷ್ಟರಲ್ಲಿ ಗ್ರೂಪು ಕುದಿಯುತ್ತಿತ್ತು. ‘ಯಾರ್ ಮೇಡಂ ನೀವು? ನಮ್ ಮಕ್ಕಳನ್ನ ಯಾಕೆ ವಾಚ್ ಮಾಡ್ತಿದೀರಾ?’ ಒಬ್ಬರು ಸಿಸಿಟಿವಿ ದೃಶ್ಯ ತೆಗೆಸಿ ನೋಡಿ ಎಂದರು. ಸೆಕ್ಯುರಿಟಿಯವನು ನಮ್ಮ ಬ್ಲಾಕಿನ ಕೆಳಗೇ ಕುರ್ಚಿ ಹಾಕಿಕೊಂಡ. ನಾನು ಕ್ಷಮೆ ಕೇಳಿ ಉದ್ದುದ್ದ ಬರೆದಷ್ಟೂ ಅನುಮಾನ ಹೆಚ್ಚಿತು. ಮರುದಿನದಿಂದ ಬೆಂಚು ಖಾಲಿ.

ಸಿರಿ ಅಳುತ್ತಲೇ ಹೇಳಿದಳು: ‘ಬುಕ್ಸಲ್ಲಿ ಅಮ್ಮನ್ನ ಯಾಕೆ ಮೊದಲೇ ಸಾಯಿಸ್ತಾರೆ ಅಂತ ಈಗ ಗೊತ್ತಾಯ್ತು.’



ಆ ವಾರ ಊರಿನಿಂದ ನಮ್ಮತ್ತೆ ಬಂದರು. ಸಂಜೆ ಮೂವರೂ ವಾಕಿಂಗಿಗೆ ಇಳಿದರೆ, ಗೇಟಿನ ಹತ್ತಿರ ಅದೇ ಹುಡುಗಿ ತಾಯಿಯ ಕೈ ಹಿಡಿದು ಬರುತ್ತಿದ್ದಾಳೆ. ಸಿರಿ ಕಂಬದ ಹಿಂದೆ ಸರಿದಳು. ನಾನು ಫೋನಿನೊಳಗೆ ಸರಿದೆ. ಅತ್ತೆ ಮಾತ್ರ ದಾರಿಗೆ ಅಡ್ಡ ನಿಂತರು.

‘ಯಾರ ಮನಿ ಕೂಸವ್ವಾ ನೀನು? ಹೆಸರೇನು? ಯಾವೂರು ನಿಮ್ದು?’

ಹೆಸರು ಜಾಹ್ನವಿ, ಊರು ಹೊಸೂರು, ಮನೆಮಾತು ತೆಲುಗು. ಅದೇನು ಅಡ್ಡಿ? ಹೊಸೂರಲ್ಲಿ ನಮ್ಮ ಬೀಗರ ಪೈಕಿಯವರ ಬಟ್ಟೆ ಅಂಗಡಿ ಇತ್ತೆಂಬುದು ಅತ್ತೆಗೆ ತಟ್ಟನೆ ನೆನಪಾಯಿತು. ಆ ತಾಯಿಯ ಮುಖ ಸಡಿಲಾಯಿತು. ಅತ್ತೆ ಅಷ್ಟಕ್ಕೇ ಬಿಡದೆ ನನ್ನ ಕಡೆ ಕೈ ತೋರಿಸಿದರು: ‘ಅವತ್ತು ಮೆಸೇಜ್ ಹಾಕಿದ್ದು ಇವಳೇ ನೋಡವ್ವಾ, ನಮ್ ಸೊಸಿ. ಮಗಳಿಗೊಬ್ಬಳು ಗೆಳತಿ ಬೇಕಾಗಿತ್ತು. ಇವಳಿಗೆ ಟೈಪ್ ಮಾಡಾಕೆ ಬರ್ತತಿ, ಮಾತಾಡಾಕೆ ಬರಲ್ಲ.’

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಜಾಹ್ನವಿ ಕಂಬದ ಹಿಂದೆ ಇಣುಕುತ್ತಿದ್ದಳು. ‘ಏ, ದಿನಾ ಖಾಲಿ ಕಸದ ಚೀಲ ಹಿಡ್ಕೊಂಡು ಓಡಾಡೋದು ನೀನೇ ಅಲ್ವಾ?’

ಈಗ ಸಂಜೆಯಾದರೆ ಇಬ್ಬರೂ ಸಿರಿಯ ಕೋಣೆ ಸೇರಿಕೊಳ್ಳುತ್ತಾರೆ. ನಿನ್ನೆ ಮಂಡಕ್ಕಿ ತಟ್ಟೆ ಹಿಡಿದು ಬಾಗಿಲು ತಟ್ಟಿದೆ. ಒಳಗಿನ ನಗು ಗಕ್ಕನೆ ನಿಂತಿತು.

‘ಪಾಸ್‌ವರ್ಡ್ ಹೇಳಿ ಆಂಟಿ’ ಎಂದಳು ಜಾಹ್ನವಿ.

‘ಗೊತ್ತಿಲ್ಲ ಕಣಮ್ಮ.’

‘ಹಂಗಾದ್ರೆ ತಟ್ಟೆ ಅಲ್ಲೇ ಇಟ್ಟು ಹೋಗಮ್ಮಾ’ ಎಂದಳು ನನ್ನ ಮಗಳು.

ಇಟ್ಟೆ. ಅಡುಗೆಮನೆಗೆ ಬರುವಷ್ಟರಲ್ಲಿ ಕಣ್ಣು ತುಂಬಿತ್ತು, ನಗುವೂ ಬರುತ್ತಿತ್ತು. ಇದುವರೆಗೆ ಅವಳ ಗುಟ್ಟುಗಳೆಲ್ಲ ನನಗೆ ಗೊತ್ತಿದ್ದವು, ಪಾಪ, ಹೇಳಿಕೊಳ್ಳಲು ಬೇರೆ ಯಾರಿದ್ದರು?