ಅತ್ತೆ ಕೈಯೆತ್ತಿದ ದಿನ

ನನ್ನ ಸೋದರತ್ತೆ ಮದರಾಸು ನೋಡಿ ಬಂದಮೇಲೆ ಸಮುದ್ರದ ಮಾತನ್ನೇ ಎತ್ತಲಿಲ್ಲ. ನಡುರಸ್ತೆಯಲ್ಲಿ ಪೊಲೀಸಿನವನು ಕೈಯೆತ್ತಿದರೆ ಓಡುವ ಟ್ರಾಮು, ಮೋಟಾರು ನಿಲ್ಲುವುದೇ ಅವರಿಗೆ ಸೋಜಿಗ. "ಬಯ್ಲಿಲ್ಲ, ಹೊಡೀಲಿಲ್ಲ. ಹೆಂಗೆ ನಿಂತ್ವು ಅಂತೀಯಾ?" ಎಂದು ನನ್ನನ್ನು ಕೇಳುತ್ತಿದ್ದರು.

ಕೆಲಮಂಗಲದ ಸಂತೆಯ ದಿನ ನಾನೂ ಅತ್ತೆಯೂ ಸೊಪ್ಪು ತರಲು ಹೊರಟಿದ್ದೆವು. ದಾರಿಯಲ್ಲಿ ರಾಯಕೋಟೆಯಿಂದ ಬಂದ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಯುದ್ಧಕಾಲದ ಬಸ್ಸು ಎತ್ತಿನ ಗಾಡಿಗಳ ನಡುವೆ ಸಿಕ್ಕಿಕೊಂಡಿತು. ಎಲ್ಲರೂ ಕೂಗಾಡುತ್ತಿದ್ದರು. ಅತ್ತೆ ಸೆರಗು ಸಿಕ್ಕಿಸಿ ರಸ್ತೆಯ ನಡುವೆ ನಿಂತು ಕೈಯೆತ್ತಿದರು. ಮುಂದಿನ ಗಾಡಿಯವನು ಬೆರಗಾಗಿ ಎತ್ತು ನಿಲ್ಲಿಸಿದ.

"ಯಾಕಮ್ಮಾ, ಏನಾಯ್ತು?"

"ಏನಿಲ್ಲ ಕಣಪ್ಪ. ಆ ಕಡೆಯೋರು ಹೋಗ್ಲಿ, ಆಮೇಲೆ ನೀನು ಬಾ."

ಅವನ ಹಿಂದಿನ ಗಾಡಿಗಳೂ ನಿಂತವು. ಬಸ್ಸು ಮೆಲ್ಲಗೆ ಹೊರಟಿತು. ಅತ್ತೆ ಮಾತ್ರ ಕದಲಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ ಕೈಯೆತ್ತಿ ನೋಡಿದರು. ನಾವು ಸಂತೆ ಸೇರುವಷ್ಟರಲ್ಲಿ ಸೊಪ್ಪೆಲ್ಲ ಮುಗಿದಿತ್ತು.