ಒಪ್ಪಿಗೆ ಕೇಳದೆ ತೆರೆದುಕೊಂಡ ಫೋಟೋ

“ಆ ಹಸಿರು ದುಪಟ್ಟಾ ನಿಮಗೆ ಚೆನ್ನಾಗಿ ಒಪ್ಪುತ್ತೆ.”

ಇಷ್ಟು ಹೇಳಿ ಫೋನ್ ಇಟ್ಟುಬಿಟ್ಟನಂತೆ. ಗಂಡಸಿನ ದನಿ, ಗೊತ್ತಿಲ್ಲದ ನಂಬರ್. ಫೋನ್ ಎತ್ತಿದ್ದು ಗುಬ್ಬಿಯಲ್ಲಿರುವ ನನ್ನ ಅಕ್ಕನ ಮಗಳು ಶಬೀನಾ. ಅವಳು ಆ ದುಪಟ್ಟಾ ಹೊದ್ದು ಹೊಸ್ತಿಲು ದಾಟಿದವಳೇ ಅಲ್ಲ. ಸಂಬಂಧ ನೋಡೋದಕ್ಕೆ ಅಂತ ಮನೆಯೊಳಗೇ ತೆಗೆಸಿದ ಫೋಟೋದಲ್ಲಿ ಮಾತ್ರ ಅದನ್ನು ಹೊದ್ದಿದ್ದು.

ನಮ್ಮಲ್ಲಿ ಹುಡುಗಿಯ ಫೋಟೋ ಸುಮ್ಮನೆ ಊರು ಸುತ್ತುವುದಿಲ್ಲ. ಸಂಬಂಧ ತರುವ ಹಿರಿಯ ಹೆಂಗಸು ಅದನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಬೇಕು, ಹುಡುಗನ ಮನೆಯ ಹೆಂಗಸರಿಗೆ ತೋರಿಸಬೇಕು, ಚಹಾ ಮುಗಿಯುವುದರೊಳಗೆ ವಾಪಸ್ ಇಸ್ಕೊಂಡು ಬರಬೇಕು. ಹೋದ ಸಲ ಒಂದು ಮನೆಯವರು ಫೋಟೋ ವಾಪಸ್ ಕೊಡಲೇ ಇಲ್ಲ. ಅಕ್ಕನಿಗೆ ರೇಗಿತು. “ಇನ್ಮೇಲೆ ಪ್ರಿಂಟೇ ಬೇಡ ಕಣೋ, ಕಂಪ್ಯೂಟರೇ ಸೇಫು” ಅಂದಳು. (ಈಗ ಯಾರ ಬಾಯಲ್ಲಿ ಕೇಳಿದರೂ ಇದೇ ಮಾತು ತಾನೇ?)

ಹಾಗೆ ತುಮಕೂರಿನ ಒಂದು ಮದುವೆ ಬ್ಯೂರೋದ ವೆಬ್‌ಸೈಟಿಗೆ ಫೋಟೋ, ವಿಳಾಸ, ಮೊಬೈಲ್ ನಂಬರ್ ಎಲ್ಲಾ ಹೋಯಿತು. ಹುಡುಗಿ ಮನೆಯವರು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕಾಣುತ್ತೆ ಅಂತ ಭರವಸೆ. ಅಕ್ಕ ಒಪ್ಪಿಗೆ ಕೊಟ್ಟಿದ್ದು ಹುಲಿಯೂರುದುರ್ಗದ ಒಂದು ಮನೆಗೆ ಮಾತ್ರ.

ಅಂದಮೇಲೆ ಫೋನ್ ಮಾಡಿದವನು ಆ ಮನೆಯವನೇ ಇರಬೇಕಲ್ಲವೇ? ಅಕ್ಕ ಅವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಹುಡುಗನ ತಾಯಿ ಅಳುತ್ತಾ, “ನಮ್ಮನೇಲೂ ಹೆಣ್ಮಕ್ಳವ್ರೆ ಕಣಮ್ಮ” ಅಂದರಂತೆ.

ಆ ಅಳುವಿನ ವಿಷಯ ಕೇಳಿ ನನಗೆ ಸೈಟಿನ ಮೇಲೇ ಅನುಮಾನ ಶುರುವಾಯಿತು. ನಾನೂ ಆ ಸೈಟಿಗೆ ಹೊಸ ಮೆಂಬರ್ ಆದೆ. ಶಬೀನಾ ಹೆಸರಿನ ಎದುರು ‘ಒಪ್ಪಿಗೆ ಸಿಕ್ಕಿಲ್ಲ’ ಅಂತಿತ್ತು. ಸದ್ಯ, ಅಂದುಕೊಂಡೆ. ಆಮೇಲೆ ಅಕ್ಕನ ಲಾಗಿನ್‌ನಿಂದ ಶಬೀನಾಳ ಪೇಜಿನ ವೆಬ್ ಅಡ್ರೆಸ್ ನೋಡಿಕೊಂಡು, ಅದನ್ನೇ ನನ್ನ ಲಾಗಿನ್‌ನಲ್ಲಿ ಟೈಪ್ ಮಾಡಿದೆ.

ತೆರೆದುಕೊಂಡಿತು! ಫೋಟೋ, ಮನೆ, ಮೊಬೈಲ್, ಅವಳು ಪಾಠ ಮಾಡುವ ತುಮಕೂರಿನ ಸ್ಕೂಲು. ಅಡ್ರೆಸ್ಸಿನ ಕೊನೆಯ ಅಂಕಿ ಬದಲಾಯಿಸಿದೆ. ಕುಣಿಗಲ್‌ನ ಯಾರದೋ ಮಗಳು ನನ್ನನ್ನೇ ನೋಡುತ್ತಿದ್ದಳು. ಕಂಪ್ಯೂಟರ್ ಆಫ್ ಮಾಡಿಬಿಟ್ಟೆ.

ಸೈಟ್ ಮಾಡಿಕೊಟ್ಟವನನ್ನು ಹಿಡಿದು ಕೇಳಿದೆ. ಫೋಟೋ ತೋರಿಸೋದಕ್ಕೆ ಅವನೊಂದು ಪ್ಲಗಿನ್ ಹಾಕಿದ್ದ. ಯಾರೋ ಎಲ್ಲೋ ಬರೆದಿಟ್ಟ ರೆಡಿಮೇಡ್ ತುಣುಕು, ಸೈಟಿಗೆ ಸಿಕ್ಕಿಸಿದರೆ ಆಯಿತು.

“ಲಾಗಿನ್ ಆಗಿದಾರಾ ಅಂತ ಅದು ಚೆಕ್ ಮಾಡುತ್ತೆ ಸಾರ್. ಒಪ್ಪಿಗೆ ಇದ್ಯಾ ಅಂತ ಚೆಕ್ ಮಾಡಲ್ಲ. ಒಪ್ಪಿಗೆ ಇಲ್ದೋರಿಗೆ ಫೋಟೋ ನೋಡೋ ಬಟನ್ ಕಾಣ್ಸಲ್ಲ, ಅಷ್ಟೆ.”

ಅಷ್ಟೆಯಂತೆ! ಗೇಟಿನಲ್ಲಿ ಹೆಸರು ಬರೆಸಿದವನು ಸೀದಾ ಒಳಕೋಣೆಗೆ ನುಗ್ಗಿದರೂ ಕೇಳೋರಿಲ್ಲ. ಯಾರ್ಯಾರು ನೋಡಿದ್ದಾರೆ ಅಂದೆ. “ಅದು ಗೊತ್ತಾಗಲ್ಲ ಸಾರ್” ಅಂದ. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗಲೇ.

ಎಲ್ಲ ಹುಡುಗಿಯರ ಫೋಟೋ ತೆಗೆಸಿಹಾಕಿದ್ದಾಯಿತು. ಅಕ್ಕ ಹುಲಿಯೂರುದುರ್ಗದವರ ಹತ್ತಿರ ಕ್ಷಮೆ ಕೇಳಿದಳು. ಅವರು ಕ್ಷಮಿಸಿದರು, ಸಂಬಂಧ ಮಾತ್ರ ಬೇಡ ಅಂದರು. ಶಬೀನಾ ಸ್ಕೂಲಿಗೆ ಹೋಗುವುದನ್ನೇ ನಿಲ್ಲಿಸಿದ್ದಾಳೆ. ರಾಜೀನಾಮೆ ಕೊಡಲಿ ಅಂತ ಭಾವ ಹಟ ಹಿಡಿದಿದ್ದಾರೆ. ಎಷ್ಟು ಇಷ್ಟಪಟ್ಟು ಸೇರಿದ ಕೆಲಸ!

ಮೊನ್ನೆ ಗುಬ್ಬಿಗೆ ಹೋಗಿ ಬುದ್ಧಿ ಹೇಳಿದೆ. “ಫೋಟೋ ಇಲ್ಲ, ನಂಬರೂ ಬದಲಾಯ್ಸಿದೀವಿ. ಇನ್ನೇನಮ್ಮಾ ಭಯ? ನಾಳೆಯಿಂದ ಬಸ್ ಹತ್ತು.”

ಅವಳು ಕಿಟಕಿಯ ಪರದೆ ಸರಿಮಾಡಿ ಕೇಳಿದಳು:

“ಅವನು ನನ್ನ ಮುಖ ನೋಡಿದಾನೆ ಮಾಮು. ನಾನು ಅವನ ಮುಖ ನೋಡಿಲ್ವಲ್ಲ, ಬಸ್ಸಲ್ಲಿ ಯಾರ ಪಕ್ಕ ಕೂತ್ಕೊಳ್ಳಲಿ?”