ಉಡಾಳನನ್ನು ಗುಂಡಾ ಎಂದವನು

ನಮ್ಮ ಭಾಲ್ಕಿಯ ಓಣಿಯಲ್ಲಿ ಬೈಗುಳಕ್ಕೇನೂ ಬರ ಇರಲಿಲ್ಲ. ಕಂಪೌಂಡು ಹಾರಿ ಪೇರಲ ಕದ್ದವನು ಮಂಗ್ಯಾನ ಮಗ. ಸಾಲೆ ತಪ್ಪಿಸಿ ಈಜಲು ಹೋದವನು ಉಡಾಳ. ಹಿರಿಯರಿಗೆ ಎದುರು ಮಾತಾಡಿದವನು ಖೋಡಿ, ಹೆಣ್ಣುಮಕ್ಕಳತ್ತ ಸೀಟಿ ಹೊಡೆದವನು ಲಫಂಗ. ನಮ್ಮಜ್ಜಿ ಬೆಳಗಿನಿಂದ ಇವನ್ನೆಲ್ಲ ನನ್ನೊಬ್ಬನ ಮೇಲೆಯೇ ಒಂದು ಸುತ್ತು ಬಳಸಿ, ಊಟದ ಹೊತ್ತಿಗೆ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಗುಂಡಾ ಎಂಬುದು ಮಾತ್ರ ಬೇರೆ. ಅದು ಠಾಣೆಯ ಮಾತು. ಅದನ್ನು ನಮ್ಮ ಓಣಿಯೊಳಗೆ ತಂದವನು ನಾನು.

ಉಡಾಳರಿಗೆಲ್ಲ ಉಡಾಳ ಎಂದರೆ ನನ್ನ ಗೆಳೆಯ, ಪಿಂಜಾರರ ಮನೆಯವನು. ಅಪ್ಪ ತೀರಿದ ಮೇಲೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಮನೆಮನೆಗೆ ಹೋಗಿ, ಅಂಗಳದಲ್ಲಿ ಕೂತು ಗಾದಿ ತುಂಬಿಕೊಡುತ್ತಿದ್ದ. ಕೈಗೆ ಕೆಲಸವಿದ್ದರೂ ಕೀಟಲೆ ಬಿಡುತ್ತಿರಲಿಲ್ಲ. ನನ್ನನ್ನು ನೋಡಲು ಔರಾದದಿಂದ ಹೆಣ್ಣಿನ ಕಡೆಯವರು ಬಂದ ದಿನ, ನನ್ನ ಹೊಸ ಕರಿ ಟೋಪಿಯನ್ನು ಕತ್ತೆಯ ತಲೆಗೆ ಕಟ್ಟಿ ನಮ್ಮ ಬಾಗಿಲಿಗೇ ಹೊಡೆದುಕೊಂಡು ಬಂದ. "ವರ ಬಂದ್ರರಿ, ದಾರಿ ಬಿಡ್ರಿ!" ಎಂದು ಕೂಗಿದ. ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಬಂಧವೇನೂ ಕೆಡಲಿಲ್ಲ. ನಾನು ಮಾತ್ರ ಆ ಸಿಟ್ಟು ಬಿಡಲಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಡಳಿತ ಮುಗಿದ ಕೆಲವು ದಿನಕ್ಕೆ ಹೊರ ಪ್ರಾಂತ್ಯದ ಸಾಹೇಬರೊಬ್ಬರು ಬಂದರು. ಅವರಿಗೆ ಹಿಂದಿ ಬರುತ್ತಿತ್ತು, ನಮ್ಮ ಕನ್ನಡ ಬಾರದು. ಉರ್ದು ಸಾಲೆಯಲ್ಲಿ ಕಲಿತ ನನ್ನನ್ನು ಬರೆಯಲು ಇಟ್ಟುಕೊಂಡರು. ಆಗ ಪಿಂಜಾರರೂ ಸೇರಿ ಮುಸಲ್ಮಾನರ ಮನೆಗಳಲ್ಲಿ ಹಗಲಲ್ಲೂ ಅಗಳಿ ಹಾಕಿಕೊಳ್ಳುತ್ತಿದ್ದರು. ರಜಾಕಾರರ ಕಡೆಯವನೆಂದು ಯಾರ ಬಾಯಿಂದ ಯಾರ ಹೆಸರು ಬರುತ್ತದೋ ಎಂಬ ಹೆದರಿಕೆ. ಅಂಥ ಹೊತ್ತಿನಲ್ಲಿ ಸಾಹೇಬರು ಹಿರಿಯರನ್ನು ಚಾವಡಿಗೆ ಕರೆಸಿ, ಊರಿನ ಪುಂಡ ಹುಡುಗರು ಯಾರೆಂದು ಕೇಳಿದರು.

"ಪಿಂಜಾರ ಹುಡುಗ ಒಬ್ಬ ಉಡಾಳ ಅದಾನ್ರಿ," ಎಂದರು ನಮ್ಮ ಓಣಿಯ ಹಿರಿಯರು. "ಮತ್ತೇನಿಲ್ಲರಿ, ಕತ್ತೀಗಿ ಟೋಪಿ ಹಾಕ್ತಾನ." ಚಾವಡಿಯಲ್ಲಿದ್ದವರೆಲ್ಲ ಮತ್ತೆ ನಕ್ಕರು. ನನಗೆ ಕಿವಿಯೆಲ್ಲ ಬಿಸಿಯಾಯಿತು.

ಹಿರಿಯರು ಎದ್ದು ಹೋದ ಮೇಲೆ ಸಾಹೇಬರು ಕೇಳಿದರು: ಉಡಾಳ ಎಂದರೇನು? ಶರಾರತಿ, ತುಂಟ, ಎಂಬ ಸರಿಯಾದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಗುಂಡಾ, ಸಾಬ್" ಎಂದೆ. ಹಾಗೆಯೇ ಬರೆದೂ ಕೊಟ್ಟೆ. ಒಂದೆರಡು ಏಟು ಬೀಳಲಿ ಮಗನಿಗೆ ಅಂದುಕೊಂಡಿದ್ದೆ, ಅಷ್ಟೇ. ಅಷ್ಟೇ ಅಂತ ಈಗಲೂ ಹೇಳಿಕೊಳ್ಳುತ್ತೇನೆ, ನಾಚಿಕೆಗೇಡಿ ನಾನು.

ಅವನನ್ನು ಬೀದರಿನ ಜೇಲಿಗೆ ಒಯ್ದರು. ಅವನ ತಾಯಿ ನಮ್ಮ ಹೊಸ್ತಿಲಾಚೆ ನಿಂತು, "ಬೇಟಾ, ನೀ ಕಚೇರ್ಯಾಗ ಇರ್ತಿ. ನನ್ನ ಮಗ ಏನ್ ಮಾಡ್ಯಾನಂತ ಬರದಾರ, ಒಂಚೂರು ನೋಡಿ ಹೇಳಪ್ಪ" ಎಂದಳು. "ನೋಡ್ತೇನಿ ಅಮ್ಮಾ" ಎಂದೆ. ನೋಡುವುದೇನಿತ್ತು, ಮಣ್ಣು!

ಬೇಸಿಗೆ ಬಂದಾಗ ಬಿಟ್ಟರು. ಆದರೆ ಹೆಸರು ಠಾಣೆಯ ಪಟ್ಟಿಯಲ್ಲೇ ಉಳಿಯಿತು. ಪ್ರತಿ ಸಂತೆಯ ದಿನ, ಊರೆಲ್ಲ ನೋಡುತ್ತಿರುವಾಗ, ಠಾಣೆಗೆ ಹೋಗಿ ಹಾಜರಿ ಕೊಡಬೇಕು. ಉಡಾಳ ಎಂದು ಬೈಯುತ್ತಲೇ ಒಳಗೆ ಕರೆದು ಚಹಾ ಕೊಡುತ್ತಿದ್ದ ಹೆಂಗಸರು, ಗುಂಡಾ ಬಂದ ಎಂದು ಬಾಗಿಲು ಮುಚ್ಚಿಕೊಂಡರು. ಅಂಗಳಕ್ಕೇ ಬಿಡದಿದ್ದರೆ ಪಿಂಜಾರ ಎಲ್ಲಿ ಕೂತು ಗಾದಿ ತುಂಬಬೇಕು? ಅವನ ಬಿಲ್ಲು ಗೋಡೆಯ ಗೂಟದಲ್ಲೇ ನೇತಾಡಿತು.

ಒಂದು ದಿನ ನನ್ನ ಹತ್ತಿರ ಬಂದ. "ದೋಸ್ತ, ಆ ಗುಂಡಾ ಅನ್ನೋದೊಂದು ಹೊಡದ್ ಹಾಕ್ರಿ ಅಂತ ಅರ್ಜಿ ಬರದ್ ಕೊಡು. ಉಡಾಳ ಅನ್ಲಿ, ಹಲ್ಕಟ್ ಅನ್ಲಿ, ಏನರ ಅನ್ಲಿ. ಮನ್ಯಾಗ ಬಿಟ್ಕೊಂಡ್ರ ಸಾಕು."

ಬರೆದೆ. ಚಂದವಾಗಿಯೇ ಬರೆದೆ. ಅವನ ತಾಯಿಯ ಕಷ್ಟ ಬರೆದೆ, ಅವನ ಕಸುಬು ಬರೆದೆ, ಆ ಮಾತು ಯಾರದೆಂಬುದೊಂದನ್ನು ಬಿಟ್ಟೆ.

ತಿಂಗಳೊಪ್ಪತ್ತಿಗೆ ಬೀದರಿನಿಂದ ಉತ್ತರ ಬಂತು. ಅವನಿಗೆ ಓದಲು ಬಾರದು, ಲಕೋಟೆ ಒಡೆಯದೆ ನನ್ನ ಕೈಗೇ ತಂದಿಟ್ಟ. ಗುಂಡಾ ಎಂದು ಬರೆದವನೇ ಬಂದು ತನ್ನಿಂದ ತಪ್ಪಾಯಿತೆಂದು ಬರೆದುಕೊಟ್ಟರೆ ಹೆಸರು ತೆಗೆಯುತ್ತೇವೆ ಎಂದಿತ್ತು. ಬೀದರೇನು ದೂರವೇ? ಆದರೆ ನನ್ನ ನೌಕರಿ ಇನ್ನೇನು ಕಾಯಂ ಆಗುವುದಿತ್ತು, ಮದುವೆಯ ದಿನವೂ ಗೊತ್ತಾಗಿತ್ತು. ಕಾಗದವನ್ನು ಎರಡು ಸಲ ಓದಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಆಗಂಗಿಲ್ಲ ಅಂತ ಬರದಾರ" ಎಂದೆ.

ಈ ಮಾತು ನೆನೆದರೆ ಈ ವಯಸ್ಸಿನಲ್ಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಅವನು, "ಹೋಗ್ಲಿ ಬಿಡು. ನಿನ್ನ ಕೈಲೆ ಆಗೂದು ನೀ ಮಾಡ್ದಿ" ಎಂದು ನನಗೇ ಸಮಾಧಾನ ಹೇಳಿದ.

ಮರುದಿನ ಬಿಲ್ಲು ಹೊತ್ತುಕೊಂಡು ಬಂದ. ಅಜ್ಜಿ ಗೊಣಗಿದರೂ ನಾನು ಒಳಗೆ ಕರೆದೆ. ಹಗಲೆಲ್ಲ ನಮ್ಮ ಅಂಗಳದಲ್ಲಿ ಕೂತು ನನ್ನ ಮದುವೆಯ ಗಾದಿಗೆ ಹತ್ತಿ ಹಿಂಜಿದ. ಹತ್ತಿಯ ಧೂಳು ಕೂತು ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದವು. ಕೂಲಿ ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡ.

"ಅರ್ಜಿ ಬರದ್ ಕೊಟ್ಟಿದ್ದಕ್ಕ ಇದು" ಎಂದ.